ಮೇಷ್ಟ್ರು ಕಂಡ ಕಡಲು

"ಕಾಡು, ಹುಲ್ಲುಗಾವಲು, ಜೌಗು, ಸಮುದ್ರ! ನಾಲ್ಕನ್ನೂ ಒಂದೇ ದಿನದಲ್ಲಿ ತೋರಿಸದಿದ್ರೆ ನಾನು ಭೂಗೋಳದ ಮೇಷ್ಟ್ರೇ ಅಲ್ಲ!" ಎಂದು ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸಮುದ್ರ ಬಳಿದಿದ್ದ ಅವರು ಒಂದು ಸಲವೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಈ ಗುಟ್ಟು ಹೆಂಡತಿಗೆ ಮಾತ್ರ ಗೊತ್ತು. ಸಮುದ್ರದ ಪಾಠ ಮಾಡಿದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಭಾವಮೈದುನನ ಕಾರು ಎರವಲು ಬಂತು. "ಫೋನಲ್ಲಿ ದಾರಿ ನೋಡ್ಕೊಳ್ಳೋಣ ಅಪ್ಪಾ," ಎಂದಳು ಮಗಳು.

"ನಕ್ಷೆ ಬರೆಯೋನಿಗೇ ದಾರಿ ಹೇಳ್ತೀಯೇನೇ?"

ಕಾಡು ಬಂತು. ಮರ ನೋಡಲು ಬಿಡದೆ ಮಳೆಯ ಪ್ರಮಾಣ ಹೇಳಿದರು. ಹುಲ್ಲುಗಾವಲು ಬಂತು. ಜಿಂಕೆಯ ಹಿಂಡೇ ರಸ್ತೆ ದಾಟಿ ಹೋಯಿತು, ಮೇಷ್ಟ್ರು ಇನ್ನೂ ಮಣ್ಣಿನ ವಿಧಗಳಲ್ಲಿದ್ದರು! ಕವಲುದಾರಿಯಲ್ಲಿ ಹೆಂಡತಿ, "ಯಾರನ್ನಾದ್ರೂ ಕೇಳ್ರೀ," ಎಂದರೆ, "ಗಾಳಿಯ ದಿಕ್ಕೇ ಸಾಕು!" ಎಂದು ಎಡಕ್ಕೆ ತಿರುಗಿಸಿದರು. ಅರ್ಧ ಗಂಟೆಯಲ್ಲಿ ಕಾರು ಹೊಟ್ಟೆಯವರೆಗೆ ಕೆಸರಲ್ಲಿ ಕೂತಿತ್ತು.

"ಜೌಗು ಬಂತು. ಪಾಠ ಶುರು ಮಾಡಿ," ಎಂದರು ಹೆಂಡತಿ.

ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ ಹೆಂಗಸೊಬ್ಬಳು ಹಗ್ಗ ಕಟ್ಟಿ ಕಾರನ್ನು ಎಳೆದುಹಾಕಿದಳು.

"ಸಮುದ್ರ ಎಷ್ಟು ದೂರ, ತಾಯಿ?" ಕೊನೆಗೂ ಮೇಷ್ಟ್ರು ಕೇಳಿದರು.

"ಅಗೋ, ಆ ಮರಳುದಿಬ್ಬದ ಆಚೆಗೇ."

ಮೇಷ್ಟ್ರು ಕೆಸರು ಪ್ಯಾಂಟಿನಲ್ಲೇ ಏದುಸಿರು ಬಿಡುತ್ತಾ ದಿಬ್ಬ ಹತ್ತಿದರು. ಆಚೆ ನೀರೇ ಇಲ್ಲ! ಒದ್ದೆ ಮರಳು, ಎರಡು ಏಡಿ, ದೂರದಲ್ಲಿ ದಾರದಂಥ ಒಂದು ಗೆರೆ. ಇಳಿತದ ಹೊತ್ತು.

"ಪಾಠ ಮಾಡೋರು ಬರ್ತಿದಾರೆ ಅಂತ ಗೊತ್ತಾಗಿ ಓಡಿಹೋಗಿದೆ!" ಹೆಂಡತಿ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ನಗಲಿಲ್ಲ. ಮರಳಿನ ಮೇಲೆ ಕುಸಿದು ಕೂತು ಆ ಗೆರೆಯನ್ನೇ ನೋಡಿದರು. ಆಕೆಯ ನಗು ಅರ್ಧಕ್ಕೇ ನಿಂತಿತು.

"ಕಾಯೋಣ ಬಿಡಿ. ಹೋದದ್ದು ಬರಲೇಬೇಕಲ್ಲ," ಎಂದು ಪಕ್ಕದಲ್ಲಿ ಕೂತರು.

ಬಂತು. ಮೊದಲು ಸದ್ದು, ಆಮೇಲೆ ನೊರೆ, ಆಮೇಲೆ ಕಣ್ಣು ಹಾಯುವಷ್ಟು ದೂರವೂ ನೀರು. ಮೇಷ್ಟ್ರು ಮೊಣಕಾಲವರೆಗೆ ಇಳಿದು ಕಂಬದಂತೆ ನಿಂತುಬಿಟ್ಟರು. ಅವರ ಕೆನ್ನೆ ಒದ್ದೆಯಾಗಿತ್ತು. ಅಲೆ ಅಷ್ಟು ಮೇಲಕ್ಕೆ ಹಾರಿರಲಿಲ್ಲ.

"ಅಪ್ಪಾ, ಇದರ ಆಚೆ ದಡ ಯಾವುದು?"

"ಗೊತ್ತಿಲ್ಲ ಮಗಳೇ."

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಬಾಯಲ್ಲಿ ಈ ಮಾತು ಕೇಳಿರದ ಹೆಂಡತಿ, ಚಪ್ಪಲಿ ಎಸೆದು ನೀರಿಗೇ ಓಡಿಬಂದರು.

"ಏನಂದ್ರಿ? ಇನ್ನೊಂದ್ಸಲ ಹೇಳಿ! ಅಲೆ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ!"