ಮ್ಯಾಚಿಂಗಣ್ಣನ ತಂತಿಗಳು

ಕಿತ್ತಳೆ ಬಣ್ಣದ ವೈರಿನ ಪಕ್ಕದಲ್ಲಿ ನೇರಳೆ ವೈರು ಕೂತದ್ದನ್ನು ಮ್ಯಾಚಿಂಗಣ್ಣನ ಕಣ್ಣು ಸಹಿಸಲಿಲ್ಲ. ಆದದ್ದು ಇಷ್ಟೇ. ಉಳಿದ ರಾದ್ಧಾಂತವೆಲ್ಲ ಅದರ ಬೆನ್ನಿಗೆ ಬಂತು, ಎಂಜಿನ್ನಿನ ಹಿಂದೆ ಬೋಗಿಗಳು ಬರುವ ಹಾಗೆ.

ಈ ಅಡ್ಡಹೆಸರು ಅವನಿಗೆ ಕಟ್ಟಡದ ಕೆಲಸಕ್ಕೆ ಬಂದ ಮೇಲೆ ಅಂಟಿದ್ದು. ಅದಕ್ಕೆ ಮುಂಚೆ ಅವನು ಬಟ್ಟೆ ಅಂಗಡಿಯೊಂದರಲ್ಲಿ, ಗಿರಾಕಿಗಳು ತಂದ ತುಂಡಿಗೆ ಹೊಂದುವ ಬಣ್ಣ ಹುಡುಕಿ ಕೊಡುವ ಕೆಲಸದಲ್ಲಿದ್ದ. ಹಸಿರು ಎಂದರೆ ಅವನಿಗೆ ಸಾಲುತ್ತಿರಲಿಲ್ಲ. ಎಲೆ ಹಸಿರೋ, ಗಿಳಿ ಹಸಿರೋ, ಪಾಚಿ ಹಸಿರೋ ಎಂದು ಕೇಳುತ್ತಿದ್ದ. ಅಂಗಡಿ ಮುಚ್ಚಿತು. ಪಾಚಿ ಹಸಿರನ್ನು ನಂಬಿ ಸಂಸಾರ ಸಾಗುವುದಿಲ್ಲ ಎಂದು ಹೆಂಡತಿ ಹೇಳಿದಳು. ತಲೆಯಲ್ಲಿ ನರೆ ಇಣುಕುವ ಹೊತ್ತಿಗೆ ಅವನು ವಸತಿ ಕಟ್ಟಡಗಳನ್ನು ಕಟ್ಟುವ ಕಂಟ್ರಾಕ್ಟರ್ ಬಳಿ ಅಪ್ರೆಂಟಿಸ್ ಆಗಿ ಸೇರಿದ. ಇಂಟರ್‌ಕಾಮ್, ಬೆಂಕಿ ಅಲಾರಂ, ಕ್ಯಾಮೆರಾ ಇವುಗಳನ್ನೆಲ್ಲ ಕೂರಿಸುವ ಎಲೆಕ್ಟ್ರಾನಿಕ್ ಟೆಕ್ನಿಷಿಯನ್ ಆಗುವ ಆಸೆ ಅವನದು.

ಅವನಿಗೆ ಕೆಲಸ ಕಲಿಸುತ್ತಿದ್ದವರು ಒಬ್ಬ ಮೇಡಂ. ವಯಸ್ಸಿನಲ್ಲಿ ಅವನ ಕೊನೆಯ ತಂಗಿಯಂತಿದ್ದರು, ಮಾತಿನಲ್ಲಿ ಅವನ ಅತ್ತೆಯಂತೆ. ಸೇರಿದಂದಿನಿಂದ ಅವನಿಂದ ಬರೀ ಕೇಬಲ್ ಎಳೆಸಿದ್ದರು. ಚಾವಣಿಯ ಸಂದಿಯಲ್ಲಿ ಹಲ್ಲಿಯಂತೆ ತೆವಳಿ, ಸಿಮೆಂಟಿನ ಧೂಳು ತಿಂದು, ಮೊಣಕೈ ತರಚಿಕೊಂಡು ಸಾಕಾಗಿ ಹೋಗಿತ್ತು. ಇವತ್ತು ಸಾಯಂಕಾಲ ಮೇಡಂ ಅವನ ಕೆಲಸ ಪರೀಕ್ಷಿಸುವವರಿದ್ದರು. ಪಾಸಾದರೆ ಮುಂದಿನ ವರ್ಷದ ಕಲಿಕೆ ನಿಯಂತ್ರಣ ಫಲಕಗಳಿರುವ ಪ್ಯಾನೆಲ್ ಕೋಣೆಯಲ್ಲಿ. ಅಲ್ಲಿ ಫ್ಯಾನು ಇತ್ತು. ಅದಕ್ಕಿಂತ ಹೆಚ್ಚಾಗಿ, ಕುರ್ಚಿ ಇತ್ತು.

"ಅಪ್ಪ, ನೀನು ಫೇಲಾದ್ರೆ ನಾನು ಫೇಲಾದಾಗ ಬಯ್ಯೋ ಹಾಗಿಲ್ಲ," ಎಂದು ಮಗಳು ಬೆಳಿಗ್ಗೆ ಬಾಗಿಲಲ್ಲೇ ಒಪ್ಪಂದ ಮಾಡಿಕೊಂಡಿದ್ದಳು.

ಪರೀಕ್ಷೆಗೆ ಇಟ್ಟ ಕೆಲಸ ಎರಡನೇ ಮಹಡಿಯ ಇಂಟರ್‌ಕಾಮು. ಮೇಲಿನ ಮಹಡಿಗಳಲ್ಲಿ ಇನ್ನೂ ಗಾರೆ ಕೆಲಸ ನಡೆದಿದ್ದರೂ ಕೆಳಗೆ ಸಂಸಾರಗಳು ಬಂದು ಸೇರಿದ್ದವು. ಗೇಟಿನಿಂದ ಬಂದ ವೈರುಗಳಿಗೂ ಮನೆಮನೆಗೆ ಹೋಗುವ ವೈರುಗಳಿಗೂ ಗಂಟು ಹಾಕುವ ಪೆಟ್ಟಿಗೆ ಮಹಡಿಯ ಓಣಿಯಲ್ಲಿ, ಗೋಡೆಯೊಳಗೆ ಇತ್ತು. ಹೋದ ವಾರ ಅವನು ನಕಾಶೆ ನೋಡಿಕೊಂಡು ಎಲ್ಲವನ್ನೂ ಸರಿಯಾಗಿಯೇ ಜೋಡಿಸಿದ್ದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ. ಕಿತ್ತಳೆಯ ಪಕ್ಕ ನೇರಳೆ, ಹಳದಿಯ ಪಕ್ಕ ಕಂದು! ಕಣ್ಣಿಗೆ ಮರಳು ಬಿದ್ದಂತಾಯಿತು. ಒಳಗೆ ಹರಿಯುವ ಕರೆಂಟಿಗೆ ಬಣ್ಣ ಎಲ್ಲಿ ಕಾಣುತ್ತದೆ ಎಂದುಕೊಂಡು ಎಲ್ಲವನ್ನೂ ಬಿಚ್ಚಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಮತ್ತೆ ಕಟ್ಟಿದ. ಅಂಗಡಿಯ ಕಪಾಟಿನಷ್ಟು ಚೆಂದ ಕಂಡಿತು. ಮುಚ್ಚಳ ಹಾಕಿ ಮನೆಗೆ ಹೋದ.

ಇವತ್ತು ಅವನು ಗೇಟಿನೊಳಗೆ ಕಾಲಿಡುತ್ತಿದ್ದಂತೆ ವಾಚ್‌ಮನ್ ಕೈ ಹಿಡಿದು ಪಕ್ಕಕ್ಕೆಳೆದ.

"ಮ್ಯಾಚಿಂಗಣ್ಣ, ನಿಮ್ಮ ಇಂಟರ್‌ಕಾಮಿಗೆ ಏನೋ ಗ್ರಹಚಾರ ಹಿಡಿದಿದೆ. ಒಬ್ಬರ ಗುಂಡಿ ಒತ್ತಿದ್ರೆ ಇನ್ನೊಬ್ಬರು ಮಾತಾಡ್ತಾರೆ."

"ಯಾರ ಗುಂಡಿ ಒತ್ತಿದ್ರೆ ಯಾರು?"

"ಎಲ್ಲರದೂ ಎಲ್ಲರಿಗೂ. ಒಂದು ವಾರದಿಂದ ಹೀಗೇ. ನಾನು ನಿಮ್ಮ ಮೇಡಂಗೆ ಹೇಳೋಣ ಅಂತಿದ್ದೆ..."

ಮ್ಯಾಚಿಂಗಣ್ಣ ಅವನ ಎರಡೂ ಕೈ ಹಿಡಿದುಕೊಂಡ. "ನಿನ್ನ ಕಾಲಿಗೆ ಬೀಳ್ತೀನಿ ಕಣಯ್ಯ, ಸಾಯಂಕಾಲದ ತನಕ ಬಾಯಿ ಬಿಡಬೇಡ. ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಿಬಿಡ್ತೀನಿ."

"ನನ್ನ ಬಾಯಿಗೆ ಬೀಗ ಜಡಿದುಬಿಟ್ಟೆ ಅಂತ ತಿಳ್ಕೊಳಿ," ಎಂದ ವಾಚ್‌ಮನ್.

ಮ್ಯಾಚಿಂಗಣ್ಣ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏಣಿಯ ಮೇಲಿದ್ದ ಪೇಂಟರ್ ಕೂಗಿದ: "ಏನಣ್ಣ, ವೈರು ಅದಲು ಬದಲಂತೆ?"

ಆ ಪೇಂಟರ್ ಪರೋಪಕಾರಿ. ಅವನಿಂದ ಉಪಕಾರ ಹೊಂದಿದವರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಅಂದು ಬೆಳಿಗ್ಗೆಯಷ್ಟೇ ಅವನು ಓಣಿಯ ಗೋಡೆಯ ಜೊತೆಗೆ ಪೆಟ್ಟಿಗೆಯ ಮುಚ್ಚಳಕ್ಕೂ ಬಳಿದಿದ್ದರಿಂದ ಅದು ಗೋಡೆಗೆ ಕಚ್ಚಿಕೊಂಡಿತ್ತು. "ಸರೀರಿ, ನಾನು ಕೀಳ್ತೀನಿ," ಎಂದು ಏಣಿಯ ಮೇಲಿಂದಲೇ ಬಗ್ಗಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ಮೀಟಿದ. ಮುಚ್ಚಳ ಟಪ್ಪೆಂದು ಹಾರಿತು. ಏಣಿ ವಾಲಿತು. ಬಕೆಟ್ಟಿನಲ್ಲಿದ್ದ ಬಿಳಿ ಬಣ್ಣವೆಲ್ಲ ಪೆಟ್ಟಿಗೆಯೊಳಗೆ ಅಭಿಷೇಕವಾಯಿತು.

ಇಬ್ಬರೂ ಒಳಗೆ ನೋಡಿದರು. ಕಿತ್ತಳೆ ಇಲ್ಲ, ನೇರಳೆ ಇಲ್ಲ. ಎಲ್ಲ ವೈರುಗಳೂ ಮೊಸರಿನಲ್ಲಿ ಮುಳುಗಿ ಎದ್ದ ಹಾಗೆ ಒಂದೇ ಬಿಳುಪು.

"ಈಗ ಎಲ್ಲ ಮ್ಯಾಚಿಂಗ್ ಆಯ್ತಲ್ಲಣ್ಣ," ಎಂದ ಪೇಂಟರ್ ಸಣ್ಣ ದನಿಯಲ್ಲಿ.

ಮ್ಯಾಚಿಂಗಣ್ಣನಿಗೆ ಅಳು ಬರುವುದೊಂದು ಬಾಕಿ. ಇನ್ನು ಯಾವ ವೈರು ಯಾವ ಮನೆಯದೆಂದು ತಿಳಿಯಬೇಕಾದರೆ ಒಂದೇ ದಾರಿ. ಗೇಟಿನಲ್ಲಿ ಒಬ್ಬ ಗುಂಡಿ ಒತ್ತಿ ಮಾತಾಡಬೇಕು, ತಾನು ಒಂದೊಂದೇ ಮನೆಗೆ ಹೋಗಿ ಕೇಳಿಸಿಕೊಳ್ಳಬೇಕು. ಪಾಪಪ್ರಜ್ಞೆಯಿಂದ ಒದ್ದಾಡುತ್ತಿದ್ದ ಪೇಂಟರ್ ತಾನೇ ಗೇಟಿಗೆ ಓಡಿದ.

ಮೊದಲ ಬಾಗಿಲು ಅಜ್ಜಿಯದು. ಮಗ, ಸೊಸೆ, ಮೊಮ್ಮಕ್ಕಳು ಹೊರಗೆ ಹೋದ ಮೇಲೆ ಅಜ್ಜಿ ಇಂಟರ್‌ಕಾಮಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಫೋನು ಗುಣುಗುಟ್ಟಿದ್ದೇ ತಡ, ಮ್ಯಾಚಿಂಗಣ್ಣ ಕೈ ಚಾಚುವ ಮೊದಲೇ ಎತ್ತಿಕೊಂಡರು.

"ಮೇಲಿನ ಹಲ್ಲೋ ಕೆಳಗಿನ ಹಲ್ಲೋ? ಲವಂಗ ಇಟ್ಕೊಂಡು ಮಲಕ್ಕೋ ಮಗ, ಬೆಳಿಗ್ಗೆ ಹೊತ್ತಿಗೆ ಹೋಗುತ್ತೆ. ಮನೆ ಕಡೆ ಎಲ್ಲ ಚೆನ್ನಾಗಿದ್ದಾರಾ?"

"ಅಜ್ಜಿ, ಅದು ನಮ್ಮ ಪೇಂಟರ್..."

"ಪೇಂಟರ್ ಆದ್ರೆ ಹಲ್ಲು ನೋಯಬಾರ್ದಾ?" ಎಂದು ಅಜ್ಜಿ ಗದರಿದರು. ಪೇಂಟರ್‌ಗೂ ಒಂದು ಹಲ್ಲು ನಿಜವಾಗಿಯೇ ನೋಯುತ್ತಿದ್ದುದರಿಂದ ಸಂಭಾಷಣೆ ಬಹಳ ಹೊತ್ತು ನಡೆಯಿತು.

ಎರಡನೇ ಬಾಗಿಲು ನಿವೃತ್ತ ಹೆಡ್‌ಮಾಸ್ಟರರದು. ಅವರು ಶಾಲೆ ಬಿಟ್ಟಿದ್ದರು, ಶಾಲೆ ಅವರನ್ನು ಬಿಟ್ಟಿರಲಿಲ್ಲ.

"ಬಂದ ಉದ್ದೇಶ?"

"ಇಂಟರ್‌ಕಾಮ್ ಸಾರ್. ಸ್ವಲ್ಪ ಧೂಳು ಒರೆಸಿ ಹೋಗ್ತೀನಿ."

"ಅಪ್ರೆಂಟಿಸ್ ತಾನೇ? ಎಲ್ಲಿ, ವಿದ್ಯುತ್ ಪ್ರವಾಹ ಅಂದರೇನು, ಹೇಳು ನೋಡೋಣ."

ಮ್ಯಾಚಿಂಗಣ್ಣ ಫೋನಿನ ಧೂಳು ಒರೆಸತೊಡಗಿದ. ಮೇಡಂ ಹೇಳಿಕೊಟ್ಟದ್ದು ಚಾವಣಿಯ ಸಂದಿಯಲ್ಲೇ ಉಳಿದುಹೋಗಿತ್ತು. "ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರೋದು ಸಾರ್."

"ಅದು ಬಸ್ಸು!" ಎಂದು ಹೆಡ್‌ಮಾಸ್ಟರು ಗರ್ಜಿಸಿದರು. ಅವನು ಫೋನು ಕಿವಿಗಿಟ್ಟುಕೊಂಡು ಕೆಲಸ ಮುಗಿಸುವ ತನಕ ಪಕ್ಕದಲ್ಲೇ ನಿಂತು ಪ್ರಶ್ನೆ ಕೇಳಿದರು. ಹೊರಗೆ ಬರುವಾಗ ಮ್ಯಾಚಿಂಗಣ್ಣನಿಗೆ ಅರಿವಿಲ್ಲದೆ ಕೈ ಕಟ್ಟಿಕೊಂಡಿತ್ತು.

ಉಳಿದ ಮನೆಗಳೂ ಒಂದೊಂದಾಗಿ ಮುಗಿದವು. ಯಾವ ಗುಂಡಿಗೆ ಯಾವ ಮನೆ ಎಂಬುದನ್ನು ಅವನು ಅಂಗೈಯಲ್ಲಿ ಬರೆದುಕೊಳ್ಳುತ್ತ ಹೋದ. ಕೊನೆಯ ಬಾಗಿಲು ಹಲ್ಲಿನ ಡಾಕ್ಟರಮ್ಮನದು. ಬೆಳಿಗ್ಗೆಯೆಲ್ಲ ಕ್ಲಿನಿಕ್ಕಿನಲ್ಲಿ ದುಡಿದು ಬಂದ ಅವರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಿದ್ದರು. ಮುಖದಲ್ಲಿ ಪ್ರಸನ್ನತೆ ತುಂಬಿ ತುಳುಕುತ್ತಿತ್ತು. ಗೋಡೆಯ ಫೋನು ಹಿಡಿದು ನಿಂತ ಮ್ಯಾಚಿಂಗಣ್ಣ "ಹಲೋ" ಎಂದು ಬಾಯಿ ತೆರೆದದ್ದೇ, ಅವರ ಕಣ್ಣು ನೆಟ್ಟಗೆ ಒಳಗೆ ಹೋಯಿತು.

"ನಿಲ್ಲಿ ನಿಲ್ಲಿ. ಆ ದವಡೆ ಹಲ್ಲು ಯಾವಾಗಿಂದ ಹಾಗಿದೆ? ಬಾಯಿ ಅಗಲ ಮಾಡಿ. ಇನ್ನೂ. ಇಲ್ಲಿ ಒತ್ತಿದ್ರೆ ನೋಯುತ್ತಾ?"

ಒತ್ತಿದರು.

"ಆಆಆಆಆ!"

ಆ ಕೂಗು ಕೈಯಲ್ಲಿದ್ದ ಫೋನಿನ ಮೂಲಕ ಹೋಗಿ ಗೇಟಿನಲ್ಲಿ ಪೇಂಟರ್‌ನ ಕಿವಿಗೆ ಬಡಿಯಿತು. ಪರೋಪಕಾರಿ ಜಿಗಿದು ನಿಂತ. "ಅಯ್ಯಯ್ಯೋ, ಮ್ಯಾಚಿಂಗಣ್ಣಂಗೆ ಕರೆಂಟ್ ಹೊಡೀತು!" ಎಂದು ಅರಚುತ್ತ ಓಡಿಹೋಗಿ ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಎಳೆದುಬಿಟ್ಟ.

ಫ್ಯಾನುಗಳು ನಿಂತವು. ಮೇಲೆ ಗೋಡೆ ಕೊರೆಯುತ್ತಿದ್ದ ಯಂತ್ರ ನಿಂತಿತು. ಒಂದನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ಲಿಫ್ಟು ನಿಂತಿತು. ಲಿಫ್ಟಿನೊಳಗಿಂದ ಒಂದು ದನಿ ಎದ್ದಿತು.

"ರೀ! ಯಾರ್ರೀ ಅದು ಮೇನ್ ಆಫ್ ಮಾಡಿದ್ದು? ಮ್ಯಾಚಿಂಗಣ್ಣಾ! ಎಲ್ಲಿದ್ದೀರಿ?"

ಮೇಡಂ! ಪರೀಕ್ಷೆಗೆ ಹೇಳಿದ ಹೊತ್ತಿಗಿಂತ ಮುಂಚೆಯೇ ಹೊರಟು ಬಂದಿದ್ದರು.

ಮ್ಯಾಚಿಂಗಣ್ಣನ ತಲೆಯಲ್ಲಿ ಧರ್ಮವೂ ಕುರ್ಚಿಯೂ ಸ್ವಲ್ಪ ಹೊತ್ತು ಜಗಳವಾಡಿದವು. "ಲಿಫ್ಟಿನವರನ್ನ ಕರೆಸ್ತಿದ್ದೀವಿ ಮೇಡಂ! ಹೆದರಬೇಡಿ!" ಎಂದು ಕೂಗಿ, ವಾಚ್‌ಮನ್‌ನನ್ನು ಲಿಫ್ಟಿನವರ ಕಡೆ ಓಡಿಸಿ, ತಾನು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಟಾರ್ಚು ಬಾಯಲ್ಲಿ ಕಚ್ಚಿದರೆ ದವಡೆ ಹಲ್ಲು ಪ್ರಾಣ ಹಿಂಡಿತು. ಲಿಫ್ಟಿನೊಳಗಿಂದ ಮೇಡಂ ಕಂಪನಿಯನ್ನೂ ಲಿಫ್ಟನ್ನೂ ಅಪ್ರೆಂಟಿಸ್‌ಗಳ ವಂಶವನ್ನೂ ಸರದಿಯಂತೆ ಬಯ್ಯುತ್ತಿದ್ದರು. ಆ ಮಂತ್ರಘೋಷದಲ್ಲೇ ಅವನು ಪ್ರತಿ ವೈರನ್ನೂ ಬಿಚ್ಚಿ, ನಕಾಶೆಯಂತೆ ಸರಿಯಾದ ಜಾಗಕ್ಕೆ ಸೇರಿಸಿದ. ಲಿಫ್ಟಿನ ಬಾಗಿಲು ತೆರೆಯುವುದಕ್ಕೂ ಪೆಟ್ಟಿಗೆಯ ಮುಚ್ಚಳ ಬೀಳುವುದಕ್ಕೂ ಸರಿಹೋಯಿತು.

ಮೇಡಂ ಕೆದರಿದ ಕೂದಲಿನಲ್ಲಿ ಹೊರಬಂದರು. ಪೇಂಟರ್ ಆಗಲೇ ಊರ ಹೊರಗಿನ ಕಡೆ ಮುಖ ಮಾಡಿದ್ದ. ಕರೆಂಟು ಬಂತು. ಮೇಡಂ ತಾವೇ ಗೇಟಿಗೆ ಹೋಗಿ ಒಂದೊಂದೇ ಗುಂಡಿ ಒತ್ತಿದರು. ಅಜ್ಜಿಗೆ ಒತ್ತಿದರೆ ಅಜ್ಜಿ. ಹೆಡ್‌ಮಾಸ್ಟರರಿಗೆ ಒತ್ತಿದರೆ ಹೆಡ್‌ಮಾಸ್ಟರು. ಡಾಕ್ಟರಮ್ಮನಿಗೆ ಒತ್ತಿದರೆ ಡಾಕ್ಟರಮ್ಮ.

"ಪರವಾಗಿಲ್ಲ ರೀ," ಎಂದರು ಮೇಡಂ. ಅವರ ಬಾಯಲ್ಲಿ ಆ ಮಾತು ಬರುವುದೂ ಒಂದೇ, ಬೇರೆಯವರ ಬಾಯಲ್ಲಿ ಹೊಗಳಿಕೆಯ ಮಳೆ ಸುರಿಯುವುದೂ ಒಂದೇ. "ನಾಳೆಯಿಂದ ಪ್ಯಾನೆಲ್ ಕೋಣೆಗೆ ಬನ್ನಿ."

ಮ್ಯಾಚಿಂಗಣ್ಣ ಹೆಂಡತಿಗೆ ಫೋನು ಮಾಡಿ "ಪಾಸು" ಎಂದ. ಆ ಕಡೆಯಿಂದ ಮಗಳು "ಅಯ್ಯೋ" ಎಂದದ್ದು ಕೇಳಿಸಿತು.

ಸಂಜೆ ಮೇಡಂ ಗೇಟಿನ ಬಳಿ ಟೀ ಕುಡಿಯುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಗಲಾಟೆ ಕೇಳಿತು. ಇಡೀ ಎರಡನೇ ಮಹಡಿಯೇ ಇಳಿದು ಬರುತ್ತಿತ್ತು.

"ಯಾರ್ರೀ ನಮ್ಮ ಇಂಟರ್‌ಕಾಮ್ ಹಾಳು ಮಾಡಿದ್ದು?" ಡಾಕ್ಟರಮ್ಮ ಎಲ್ಲರಿಗಿಂತ ಮುಂದಿದ್ದರು. "ಒಂದು ವಾರ ನೆಮ್ಮದಿಯಾಗಿದ್ದೆ. ಹಲ್ಲುನೋವು ಅಂತ ಮನೆ ತನಕ ಬರೋರು ಒಬ್ಬರೂ ಇರಲಿಲ್ಲ. ಈಗ ನೋಡಿ, ನನ್ನ ಸೋಫಾದ ತುಂಬ ದವಡೆ ಹಿಡ್ಕೊಂಡು ಕೂತಿದ್ದಾರೆ!"

"ನನ್ನ ಮಕ್ಕಳನ್ನ ನನಗೆ ಕೊಡಿ," ಎಂದರು ಅಜ್ಜಿ. "ದಿನಾ ಎಷ್ಟು ಜನ ಹಲ್ಲುನೋವಿನೋರು ಮಾತಾಡ್ತಿದ್ರು ನನ್ನ ಹತ್ರ! ಈಗ ಒಬ್ಬರೂ ಇಲ್ಲ. ಅದೂ ಹೋಗಲಿ, ನಮ್ಮ ಬೀಗಿತ್ತಿ ಬಂದು ಕೂತಿದ್ದಾಳೆ. ಹೇಳಿ ಬಂದ್ರೆ ನಾವು ಬೀಗ ಹಾಕ್ಕೊಂಡು ಹೋಗ್ತೀವಿ ಅಂತ ಹೇಳದೇ ಬರೋಳು. ಹೋದ ವಾರ ಗೇಟಿಂದಲೇ ವಾಪಸ್ ಹೋಗಿದ್ಳಂತೆ. ಇವತ್ತು ನೇರ ಮೇಲಕ್ಕೇ ಬಂದ್ಬಿಟ್ಳು, ಪೆಟ್ಟಿಗೆ, ಹಾಸಿಗೆ ಸಮೇತ!"

"ಆ ಹೆಂಗಸನ್ನ ವಾಪಸ್ ಕಳಿಸಿದ್ದು ನಾನು," ಎಂದರು ಹೆಡ್‌ಮಾಸ್ಟರು ಹೆಮ್ಮೆಯಿಂದ. "ಬಂದ ಉದ್ದೇಶ ಏನು ಅಂದೆ, ಉತ್ತರ ಇರಲಿಲ್ಲ. ದಿನಕ್ಕೆ ಹತ್ತಾರು ಅಪರಿಚಿತರಿಗೆ ಪ್ರಶ್ನೆ ಕೇಳೋ ಅವಕಾಶ ಇತ್ತು. ಈಗ ನನಗೆ ಬರೋನು ಒಬ್ಬನೇ, ಇನ್ಷೂರೆನ್ಸ್ ಏಜೆಂಟು. ನಾನು ಒಂದು ಪ್ರಶ್ನೆ ಕೇಳಿದ್ರೆ ಅವನು ಹತ್ತು ಕೇಳ್ತಾನೆ! ಇದನ್ನ ಮಾಡಿದವನು ಯಾರು?"

ಎಲ್ಲರ ಕಣ್ಣೂ ಮ್ಯಾಚಿಂಗಣ್ಣನ ಮೇಲೆ ನೆಟ್ಟವು. ಅವನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ:

"ನಾನಲ್ಲ ಸಾರ್! ಇವತ್ತಿನದು ನಕಾಶೆ ಹೇಳಿದ್ದು. ನಾನು ಮಾಡಿದ್ದು ಹೋದ ವಾರದ್ದು, ನಿಮಗೆ ಇಷ್ಟವಾದದ್ದು!"

ಮೇಡಂ ಟೀ ಲೋಟ ಕೆಳಗಿಟ್ಟರು. ಬಹಳ ಮೆಲ್ಲಗೆ ಇಟ್ಟರು.

"ಅಂದ್ರೆ ಒಂದು ವಾರ ಇದು ತಪ್ಪಾಗಿತ್ತು. ನಾನು ಲಿಫ್ಟಲ್ಲಿ ನೇತಾಡ್ತಿದ್ದಾಗ ನೀವು ಕೂತು ಸರಿ ಮಾಡ್ತಿದ್ರಿ."

ಮ್ಯಾಚಿಂಗಣ್ಣ ಮತ್ತೆ ಕೈ ಕಟ್ಟಿಕೊಂಡ.

"ಮೇಡಂ, ಇವರಿಗೆ ಏನೂ ಅನ್ನಬೇಡಿ," ಎಂದು ಅಜ್ಜಿ ಅವನ ಪರ ನಿಂತರು. "ಬಂಗಾರದಂಥ ಕೆಲಸಗಾರ. ಇವರನ್ನ ಎಲ್ಲಿಗೂ ಕಳಿಸಬೇಡಿ, ನಮ್ಮ ಮಹಡಿಗೇ ಇಟ್ಟುಬಿಡಿ." ಡಾಕ್ಟರಮ್ಮ ತಲೆಯಾಡಿಸಿದರು. ಹೆಡ್‌ಮಾಸ್ಟರು ಆಗಲೇ ಕಂಟ್ರಾಕ್ಟರಿಗೆ ಫೋನು ಹಚ್ಚಿ, ಮೊದಲಿನಂತೆ ಆಗದಿದ್ದರೆ ಎರಡನೇ ಮಹಡಿಯವರು ಯಾರೂ ಕೆಲಸ ಮುಗಿದಿದೆಯೆಂದು ಒಪ್ಪುವುದಿಲ್ಲವೆಂದು ತಿಳಿಸಿ, ಫೋನನ್ನು ಮೇಡಂ ಕೈಗೆ ಕೊಟ್ಟರು.

ಮೇಡಂ "ಆಯ್ತು ಸಾರ್, ಆಯ್ತು ಸಾರ್" ಎನ್ನುತ್ತ ಕೇಳಿಸಿಕೊಂಡು ಅವನ ಕಡೆ ತಿರುಗಿದರು. "ಪ್ಯಾನೆಲ್ ಕೋಣೆ ಮರೆತುಬಿಡಿ. ಮುಂದಿನ ವರ್ಷವೂ ಕೇಬಲ್ಲೇ. ಈಗ ಮೇಲಕ್ಕೆ ಹೋಗಿ, ಹೋದ ವಾರ ಹೇಗೆ ತಪ್ಪಾಗಿತ್ತೋ ಹಾಗೇ ತಪ್ಪು ಮಾಡಿ ಕೊಡಿ."

ಮ್ಯಾಚಿಂಗಣ್ಣ ಪೆಟ್ಟಿಗೆ ತೆರೆದು ಕೂತ. ಬಿಳಿ ವೈರುಗಳು ಅವನನ್ನು ನೋಡಿ ನಗುತ್ತಿದ್ದವು. ಅಜ್ಜಿಗೆ ಹಲ್ಲುನೋವಿನವರು, ಹೆಡ್‌ಮಾಸ್ಟರರಿಗೆ ಬೀಗಿತ್ತಿ, ಅಷ್ಟಂತೂ ಗೊತ್ತಾಯಿತು. ಆ ಎರಡನ್ನು ಕಟ್ಟಿದ. ಆದರೆ ಅಂಗೈಯ ಲೆಕ್ಕವನ್ನು ಮೇಡಂ ಕಣ್ಣಿಗೆ ಬೀಳಬಾರದೆಂದು ಆಗಲೇ ತೊಳೆದುಬಿಟ್ಟಿದ್ದ. ಏಜೆಂಟನ ಕರೆ ಯಾವ ಮನೆಗೆ ಹೋಗಿ ತೆಪ್ಪಗೆ ಸಾಯುತ್ತಿತ್ತು? ಉಳಿದ ಮನೆಗಳ ನೆಮ್ಮದಿಯ ಗುಟ್ಟೇನು? ವಾಚ್‌ಮನ್‌ನನ್ನು ಕೇಳಿದ.

"ನಾನು ಗುಂಡಿ ಒತ್ತೋನು ಅಷ್ಟೇ ಅಣ್ಣ. ಯಾರು ಮಾತಾಡಿದ್ರು ಅಂತ ನೆನಪಿಡೋಕೆ ನಾನೇನು ಪೊಲೀಸಾ?"

"ಮೇಡಂ, ಎಲ್ಲಾದ್ರೂ ಒಂದು ನಕಾಶೆ..."

"ಸರಿಯಾದದ್ದಕ್ಕೆ ನಕಾಶೆ ಇರುತ್ತೆ ರೀ," ಎಂದರು ಮೇಡಂ. "ತಪ್ಪಿಗೆ ನಾನು ಎಲ್ಲಿಂದ ತರಲಿ?"

ಅವನು ಕಣ್ಣು ಮುಚ್ಚಿ ದೇವರ ಮೇಲೆ ಭಾರ ಹಾಕಿ, ಉಳಿದ ವೈರುಗಳನ್ನು ಕೈಗೆ ಸಿಕ್ಕ ಹಾಗೆ ಕಟ್ಟಿದ. ಕೆಳಗಿನಿಂದ ವಾಚ್‌ಮನ್ ಏಜೆಂಟನಿಗಾಗಿ ಹೆಡ್‌ಮಾಸ್ಟರರ ಗುಂಡಿ ಒತ್ತಿದ, ಬಂದವರಿಗಾಗಿ ಉಳಿದವನ್ನೂ ಒತ್ತಿದ. ಓಣಿಯ ತುದಿಯಲ್ಲಿ ಇಷ್ಟು ದಿನ ಸದ್ದಿಲ್ಲದ ಮನೆಯೊಂದರ ಬಾಗಿಲು ದಢಾರನೆ ತೆರೆಯಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಎಲ್ಲಕ್ಕಿಂತ ಮೇಲೆ ಹೆಡ್‌ಮಾಸ್ಟರರ ದನಿ ಕೇಳಿಸಿತು:

"ಈ ತಪ್ಪಲ್ಲ ಕಣಯ್ಯಾ! ಆ ತಪ್ಪು, ಆ ತಪ್ಪು!"