ಹತ್ತರಿಂದ ಐದೂವರೆಯವರೆಗೆ ನಾನು ಅಭಿಮಾನಿಯಲ್ಲ

ನೌಕರಿಯನ್ನೂ ಹುಚ್ಚನ್ನೂ ಬೇರೆ ಬೇರೆ ಇಡುತ್ತೇನೆಂದು ಪಣ ತೊಟ್ಟವನ ಬಾಳಿನಲ್ಲಿ ಅವೆರಡೂ ಹುಡುಕಿಕೊಂಡು ಬಂದು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ನನ್ನ ನೌಕರಿ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರನದು. ತಹಸೀಲ್ದಾರರ ಮುಂದೆ ಹೋಗುವ ಕಡತ ಮೊದಲು ನನ್ನ ಮೇಜು ದಾಟಬೇಕು. ನನ್ನ ಹುಚ್ಚು ಎಂದರೆ ಎರಡು ವೆಬ್‌ಸೈಟು. ಒಂದು, ವಾಡಿ ಜಂಕ್ಷನ್ ಮೇಲೆ ಹಾಯುವ ರೈಲುಗಳನ್ನು ಮೆಚ್ಚುವವರದ್ದು. ಇನ್ನೊಂದು, ಹಳೆಯ ಕನ್ನಡ ಸಿನಿಮಾಗಳಲ್ಲಿ ಒಂದೇ ಒಂದು ದೃಶ್ಯಕ್ಕೆ ಬಂದು ಹೋಗುತ್ತಿದ್ದ ಒಬ್ಬ ಪೋಷಕ ನಟರ ಅಭಿಮಾನಿಗಳದ್ದು. ಅವರ ಹೆಸರು ಪೋಸ್ಟರಿನಲ್ಲಿ ಎಂದೂ ಬರಲಿಲ್ಲ, ಆದರೆ ನನಗೆ ನಾಯಕರಿಗಿಂತ ಅವರೇ ಹೆಚ್ಚು.

ಎರಡೂ ಸೈಟಿನಲ್ಲಿ ನನ್ನ ಹೆಸರಿಲ್ಲ, ‘ನಿರ್ವಾಹಕ’ ಎಂದಷ್ಟೇ ಇದೆ. ಕಾರಣ ಸರಳ. ಶಿರಸ್ತೇದಾರನ ಮುಖ ಗಂಟು ಹಾಕಿಕೊಂಡಿದ್ದರೇನೇ ಕಚೇರಿ ನಡೆಯುವುದು. ಸಾಹೇಬರು ಎಂಜಿನ್ ಫೋಟೋ ಹಿಡಿದು ಹಿಗ್ಗುವ ಮನುಷ್ಯ ಎಂದು ಒಮ್ಮೆ ಗೊತ್ತಾಯಿತೋ, ಇಪ್ಪತ್ತು ವರ್ಷ ಕಷ್ಟಪಟ್ಟು ಹಾಕಿಕೊಂಡ ಗಂಟು ಒಂದೇ ದಿನದಲ್ಲಿ ಬಿಚ್ಚಿಹೋಗುತ್ತದೆ. ಹಾಗಂತ ನಾಚಿಕೆಯಿಂದ ಮುಚ್ಚಿಟ್ಟಿದ್ದೆ ಎಂದುಕೊಳ್ಳಬೇಡಿ. ಆ ಸೈಟುಗಳಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಚೇರಿಯಲ್ಲೂ ಮಾಡಿಲ್ಲ. ಆ ಹೆಮ್ಮೆಯನ್ನು ಇಲ್ಲಿ ಹೇಳಿಬಿಡುತ್ತೇನೆ.

೧. ಸೇಡಂ

ಸೇಡಂನಲ್ಲಿದ್ದಾಗ ಹೊಲದ ತಂಟೆಗಳ ಕಾಲ. ದಿನವಿಡೀ ಚಕ್ಕುಬಂದಿ ಬರೆಯುವುದೇ ಕೆಲಸ: ಈ ಹೊಲದ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ಒಂದು ಭಾನುವಾರ ನಮ್ಮ ನಟರ ಒಂದು ಮದುವೆ ದೃಶ್ಯದ ಬಗ್ಗೆ ಬರೆಯಲು ಕುಳಿತೆ. ಬರೆದು ಸೈಟಿಗೆ ಹಾಕಿದೆ, ಊಟ ಮಾಡಿ ಮಲಗಿದೆ. ಎದ್ದು ನೋಡಿದರೆ ಕೈ ತನ್ನ ಪಾಡಿಗೆ ಹೀಗೆ ಬರೆದಿತ್ತು:

‘ಸದರಿ ದೃಶ್ಯದಲ್ಲಿ ಸದರಿ ನಟರು ನಿಂತಿರುವ ಸ್ಥಳದ ಚಕ್ಕುಬಂದಿ: ಪೂರ್ವಕ್ಕೆ ವಧುವಿನ ಸೋದರಮಾವ, ಪಶ್ಚಿಮಕ್ಕೆ ಬಾಳೆಕಂಬ, ಉತ್ತರಕ್ಕೆ ಊದುವ ವಾದ್ಯದವರು, ದಕ್ಷಿಣಕ್ಕೆ ಖಾಲಿ ಕುರ್ಚಿ.’

ಅಳಿಸೋಣವೆಂದು ಹೊರಟೆ. ಅಷ್ಟರಲ್ಲಿ ಓದುಗರ ಮಾತುಗಳು ಬಂದಿದ್ದವು. ಮೈಸೂರಿನ ಒಬ್ಬರು, ‘ಹನ್ನೊಂದು ಸಲ ಆ ಸಿನಿಮಾ ನೋಡಿದ್ದೆ, ಅವರು ಎಲ್ಲಿದ್ದಾರೆಂದು ಸಿಕ್ಕಿರಲಿಲ್ಲ. ಈಗ ಬಾಳೆಕಂಬ ಹಿಡಿದು ಹೋದೆ, ಸಿಕ್ಕಿಬಿಟ್ಟರು’ ಎಂದು ಬರೆದಿದ್ದರು. ಅಂದಿನಿಂದ ಚಕ್ಕುಬಂದಿ ಇಲ್ಲದ ಲೇಖನವನ್ನು ಯಾರೂ ಒಪ್ಪುವುದಿಲ್ಲ. ಮೊನ್ನೆ ಒಂದು ಜಾತ್ರೆಯ ದೃಶ್ಯ ಹಾಕಿದಾಗ ಬರೀ ಪೂರ್ವ ಪಶ್ಚಿಮ ಕೊಟ್ಟಿದ್ದೆ. ಕೂಡಲೇ ತಕರಾರು ಬಂತು: ‘ದಕ್ಷಿಣದ ಗಡಿ ಕಾಣಿಸಿಲ್ಲ. ಮರು ಸರ್ವೆ ಆಗಬೇಕು.’

೨. ಚಿತ್ತಾಪುರ

ನನ್ನ ಮನೆ ಶಹಾಬಾದಿನಲ್ಲಿ. ಚಿತ್ತಾಪುರದ ನೌಕರಿಗೆ ರೈಲಿನಲ್ಲಿ ಅಪ್-ಡೌನ್ ಮಾಡುತ್ತಿದ್ದೆ. ನಡುವೆ ವಾಡಿ. ಅಲ್ಲಿ ಇಳಿಯದೆ ಹಾಗೇ ಮನೆಗೆ ಹೋಗಲು ನನ್ನಂಥವನಿಂದ ಆದೀತೇ? ಪ್ರತಿ ಶನಿವಾರ ಇಳಿದು, ಪ್ಲಾಟ್‌ಫಾರಂ ಕೊನೆಯ ಕಲ್ಲಿನ ಬೆಂಚಿನ ಮೇಲೆ ಕೂತು, ಒಂದು ತಾಸು ಎಂಜಿನ್ನುಗಳ ನಂಬರು ಬರೆದುಕೊಂಡು ಮುಂದಿನ ಗಾಡಿ ಹಿಡಿಯುತ್ತಿದ್ದೆ.

ನಮ್ಮ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಹೆಣ್ಣುಮಗಳೊಬ್ಬರು, ಎಲ್ಲರೂ ‘ಬಾಯಿ’ ಎಂದೇ ಕರೆಯುವವರು, ಅದೇ ಗಾಡಿಯಲ್ಲಿ ಬರುತ್ತಿದ್ದರು. ಅವರು ಮೂರು ಶನಿವಾರ ನೋಡಿದರು. ಸಾಹೇಬರು ತಲೆ ಬಾಚಿಕೊಂಡು ವಾಡಿಯಲ್ಲಿ ಇಳಿಯುತ್ತಾರೆ, ಕೈಯಲ್ಲಿ ಡಬ್ಬಿ ಇರುತ್ತದೆ, ಕಚೇರಿಯಲ್ಲಿ ಎಂದೂ ಕಾಣದ ನಗು ಮುಖದ ಮೇಲಿರುತ್ತದೆ. ಯಾರಾದರೂ ಹತ್ತಿರ ಬಂದರೆ ಮೊಬೈಲ್ ಮುಚ್ಚುತ್ತಾರೆ. ಸೋಮವಾರದ ಹೊತ್ತಿಗೆ ಇಡೀ ಕಚೇರಿಗೆ ನನ್ನ ಎರಡನೆಯ ಮನೆಯ ವಿಳಾಸ ಗೊತ್ತಾಗಿತ್ತು. ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನ ಹಿಂದೆ, ತಗಡಿನ ಗೇಟಿನ ಮನೆಯಂತೆ. ನಾನೇ ಹೋಗಿ ನೋಡಬೇಕೆನ್ನುವಷ್ಟು ಖಚಿತವಾಗಿ ಹೇಳುತ್ತಿದ್ದರು.

ಬಾಯಿ ಒಳ್ಳೆಯವರು. ಒಂದು ಸಂಸಾರ ಹಾಳಾಗಬಾರದು ಅಂತ ಒಂದು ಭಾನುವಾರ ಶಹಾಬಾದಿನ ನಮ್ಮ ಮನೆಗೇ ಬಂದುಬಿಟ್ಟರು. ನಾನು ಒಳಗಿನ ಕೋಣೆಯಲ್ಲಿದ್ದೆ, ಎಲ್ಲವೂ ಕಿವಿಗೆ ಬೀಳುತ್ತಿತ್ತು.

‘ಅಕ್ಕಾರ, ಹ್ಯಾಂಗ ಹೇಳ್ಲಿ ತಿಳೀವಲ್ದು. ನಿಮ್ಮ ಸಾಹೇಬ್ರದು ವಾಡ್ಯಾಗ ಬ್ಯಾರೆ ಒಂದು ಅದ ಅಂತಾರ.’

‘ಒಂದಲ್ರಿ, ಎರಡು ಅದಾವ’ ಅಂದಳು ನನ್ನ ಹೆಂಡತಿ, ಚಹಾ ಸೋಸುತ್ತ. ‘ಡಬ್ಬಿ ನಾನೇ ಕಟ್ಟಿ ಕಳಸ್ತೀನಿ. ಸಕ್ರಿ ಎಷ್ಟು ಹಾಕ್ಲಿ?’

ಸೋಮವಾರ ಕಚೇರಿಯಲ್ಲಿ ಎಲ್ಲರೂ ನನ್ನನ್ನು ನೋಡಿ ಎದ್ದು ನಿಂತರು. ಅಂಥ ಮರ್ಯಾದೆ ನನಗೆ ಬಡ್ತಿ ಸಿಕ್ಕಾಗಲೂ ಸಿಕ್ಕಿರಲಿಲ್ಲ.

೩. ಶಹಾಬಾದ್

ಆಮೇಲೆ ನಮ್ಮೂರಿಗೇ ವರ್ಗ ಆಯಿತು. ಒಂದು ದಿನ ಭಂಕೂರದ ಕಲ್ಲು ಗಣಿಯಲ್ಲಿ ಕೆಲಸ ಮಾಡುವ ಒಬ್ಬರು ಅರ್ಜಿ ಹಿಡಿದು ಬಂದರು. ‘ವಿಷಯ: ವಾಡಿ ರೈಲುಗಳ ವೆಬ್‌ಸೈಟ್ ನಡೆಸುವವರ ಹೆಸರು ಮತ್ತು ವಿಳಾಸ ಪತ್ತೆ ಮಾಡಿ ಕೊಡುವ ಕುರಿತು.’

ಗಂಟು ಮುಖವನ್ನು ಇನ್ನೊಂದು ಸುತ್ತು ಬಿಗಿದುಕೊಂಡು, ‘ಯಾಕ ಬೇಕು?’ ಎಂದೆ.

‘ಶಾಲು ಹೊಚ್ಚಿ ಸತ್ಕಾರ ಮಾಡಬೇಕಂತ ಅದ್ರಿ ಸಾಹೇಬ್ರ. ಎಂಥಾ ಮನುಷ್ಯ ಅಂತೀರಿ! ಒಂದೊಂದು ಎಂಜಿನ್ನಿನ ಕುಲ ಗೋತ್ರ ಬರೀತಾನ. ಸರ್ಕಾರಕ್ಕ ತಿಳೀಲಾರದ್ದು ಯಾವುದದ? ನೀವ ಹುಡುಕಿ ಕೊಡ್ರಿ.’

ಅವರ ಕಣ್ಣಲ್ಲಿನ ಅಭಿಮಾನ ನೋಡಿ ‘ನಾನೇ ಆ ಮನುಷ್ಯ’ ಎನ್ನುವ ಮಾತು ತುಟಿಯವರೆಗೆ ಬಂತು. ಎದುರಿಗೆ ನಾಲ್ಕು ಜನ ಸಿಬ್ಬಂದಿ ಕೂತಿದ್ದರು. ಮಾತು ನುಂಗಿ, ಅರ್ಜಿಯ ಮೇಲೆ ಷರಾ ಬರೆದೆ: ‘ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’

ಆ ಸಂಜೆಯೇ ರೈಲಿನ ಸೈಟಿಗೆ ಅವರ ಪತ್ರ ಬಂತು. ನಾನು ಒಪ್ಪಿದರೆ ಮಾತ್ರ ಅಲ್ಲಿ ಪ್ರಕಟವಾಗುವುದು. ‘ನಿಮಗ ಸತ್ಕಾರ ಮಾಡಬೇಕಂತ ತಾಲೂಕು ಆಫೀಸಿಗಿ ಹೋಗಿದ್ದೆ. ಅಲ್ಲಿ ಒಬ್ಬ ಶಿರಸ್ತೇದಾರ ಅದಾನ, ಹರಳೆಣ್ಣಿ ಕುಡದವರ ಹಾಂಗ ಮಾರಿ ಮಾಡ್ಯಾನ. ನಿಮ್ಮಂಥಾ ರಸಿಕರ ಬೆಲಿ ಅಂಥವಂಗೇನು ತಿಳೀಬೇಕು?’

ಹದಿನೈದು ನಿಮಿಷ ಯೋಚಿಸಿದೆ. ಟೀಕೆ ಬಂತೆಂದು ಮುಚ್ಚಿಡುವ ನಿರ್ವಾಹಕ ನಾನಲ್ಲ. ಪ್ರಕಟಿಸಿದೆ. ಕೆಳಗೆ ಉತ್ತರವನ್ನೂ ಬರೆದೆ: ‘ನಿಮ್ಮ ಬೇಸರ ಅರ್ಥವಾಗುತ್ತದೆ. ಆ ಮನುಷ್ಯನ ಬಗ್ಗೆ ನಾವೂ ಕೇಳಿದ್ದೇವೆ.’

೪. ಚಿಂಚೋಳಿ

ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಹಾಗಾಗಿ ಅಲ್ಲಿಗೆ ವರ್ಗವಾದ ಮೇಲೆ ರೈಲಿನ ಸೈಟು ಸ್ವಲ್ಪ ಸೊರಗಿತು, ನಮ್ಮ ನಟರ ಸೈಟು ದಪ್ಪಗಾಯಿತು. ಅವರು ಮಾಡಿದ ಮೂವತ್ತೇಳು ಪಾತ್ರಗಳನ್ನು ಹುಡುಕಿ ತೆಗೆದೆ. ಸಿಗದಿದ್ದದ್ದು ಒಂದೇ: ಅವರು ಈಗ ಎಲ್ಲಿದ್ದಾರೆ ಎಂಬುದು. ಕೊನೆಗೆ ಒಬ್ಬ ಓದುಗರು, ‘ಅವರು ತೀರಿಕೊಂಡರು’ ಎಂದು ಬರೆದರು.

ಕಚೇರಿಯಲ್ಲಿ, ಬದುಕಿರುವ ಮನುಷ್ಯನೇ ಎದುರಿಗೆ ಬಂದು ನಿಂತರೂ ಇಬ್ಬರು ಸಾಕ್ಷಿ ಕೇಳುವವನು ನಾನು. ಅಂಥವನು ಒಬ್ಬನ ಮಾತು ಕೇಳಿ ಸೈಟಿನ ಮುಂದೆ ಕೂತು ಅತ್ತೆ. ಎರಡು ದಿನ ರಜೆ ಹಾಕಿ ಶ್ರದ್ಧಾಂಜಲಿ ಬರೆದೆ. ಮೂವತ್ತೇಳು ಪಾತ್ರಗಳನ್ನೂ ಒಂದೊಂದಾಗಿ ನೆನೆದು ಬರೆದೆ. ನಾನು ಬರೆದದ್ದರಲ್ಲೆಲ್ಲ ಅದೇ ಚೆಂದದ್ದು ಎಂದು ಇವತ್ತಿಗೂ ಹೇಳುತ್ತೇನೆ.

ನಾಲ್ಕು ತಿಂಗಳ ಮೇಲೆ ಒಬ್ಬ ವೃದ್ಧರು ಕಚೇರಿಗೆ ಬಂದರು. ಬಿಳಿ ಧೋತರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕಲಾವಿದರ ಮಾಸಾಶನಕ್ಕೆ ‘ಬದುಕಿದ್ದಾರೆ’ ಎಂಬ ಪ್ರಮಾಣಪತ್ರ ಬೇಕಿತ್ತು. ಆಧಾರ್ ಕಾರ್ಡಿನಲ್ಲಿ ಯಾವುದೋ ಹೆಸರು, ಊರು ಐನಾಪುರ. ನಾನು ತಲೆ ಎತ್ತದೆ, ‘ಇಬ್ಬರು ಸಾಕ್ಷಿ ಕರಕೊಂಡು ಬರ್ರಿ’ ಎಂದೆ.

‘ಸಾಕ್ಷಿ ತಂದೀನ್ರಿ ಸಾಹೇಬ್ರ. ಆದ್ರ ಇದೊಂದು ತೊಡಕು ಅದ.’

ಆ ದನಿ ಕೇಳಿ ನನ್ನ ಪೆನ್ನು ನಿಂತಿತು. ಅವರು ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಇಂಟರ್‌ನೆಟ್ ಅಂಗಡಿಯಲ್ಲಿ ತೆಗೆಸಿದ ಹನ್ನೆರಡು ಪುಟಗಳ ಪ್ರಿಂಟು. ಮೊದಲ ಪುಟದಲ್ಲಿ ಅವರ ಫೋಟೋ, ಅದಕ್ಕೆ ನಾನೇ ಹಾಕಿದ ಹೂಮಾಲೆ. ಸಿನಿಮಾಕ್ಕೆ ಇಟ್ಟುಕೊಂಡ ಹೆಸರು ಬೇರೆ, ಆಧಾರ್ ಹೆಸರು ಬೇರೆ ಎಂದು ನನಗೆ ಆಗ ಹೊಳೆಯಿತು.

‘ಯಾರೋ ನನಗ ಸಾಯಿಸ್ಯಾರ ನೋಡ್ರಿ. ನಮ್ಮ ಬೀಗರು ಇದನ್ನ ಓದಿ, ಗಾಡಿ ಮಾಡಿಕೊಂಡು ಮಣ್ಣಿಗಿ ಬಂದಿದ್ರು. ನಾನು ಹೊರಗ ಕಟ್ಟಿ ಮ್ಯಾಲ ಕುಂತು ಜೋಳದ ರೊಟ್ಟಿ ತಿನ್ನಲಿಕತ್ತಿದ್ದೆ. ಅವರಿಗಿ ಭಾಳ ಬೇಜಾರಾತು.’

ಅದೇ ಹೊತ್ತಿಗೆ ತಹಸೀಲ್ದಾರ್ ಮೇಡಂ ಹೊರಗೆ ಬಂದರು. ಕಾಗದ ನೋಡಿದರು, ಮುಖ ಕೆಂಪಗಾಯಿತು. ‘ಬದುಕಿರುವವರನ್ನು ಸಾಯಿಸೋದಂದ್ರೇನು? ಶಿರಸ್ತೇದಾರ್ರೇ, ಇದನ್ನು ಬರೆದವನನ್ನು ಪತ್ತೆ ಮಾಡಿ. ಇವತ್ತೇ ನೋಟಿಸ್ ರೆಡಿ ಮಾಡಿ, ನಾನು ಸಹಿ ಹಾಕ್ತೀನಿ.’

ಇಡೀ ಕಚೇರಿ ನೋಡುತ್ತಿತ್ತು. ‘ಪತ್ತೆ ಇಲ್ಲ’ ಎಂದು ಇನ್ನೊಂದು ಷರಾ ಬರೆದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಇಪ್ಪತ್ತು ವರ್ಷ ಯಾರನ್ನು ಪರದೆಯ ಮೂಲೆ ಮೂಲೆಯಲ್ಲಿ ಹುಡುಕಿದ್ದೆನೋ ಅವರು ಮೇಜಿನಾಚೆ ನಿಂತಿದ್ದರು. ಅವರ ಮುಂದೆ ಸುಳ್ಳು ಬರೆಯಲು ಕೈ ಬರಲಿಲ್ಲ. ಎದ್ದು ನಿಂತೆ.

‘ಮೇಡಂ, ನೋಟಿಸು ನನ್ನ ಹೆಸರಿಗೇ ಆಗಬೇಕ್ರಿ. ಅದು ನಂದೇ ಸೈಟು.’

ನಾನು ಆ ಹಿರಿಯರ ಕಾಲು ಮುಟ್ಟಿದೆ. ‘ತಪ್ಪಾಗ್ಯದ್ರಿ ಅಪ್ಪಾರ. ಈಗಿಂದೀಗ ತೆಗದು ಹಾಕ್ತೀನಿ’ ಎಂದು ಮೊಬೈಲ್ ಹೊರತೆಗೆದೆ.

ಅವರು ನನ್ನ ಕೈ ಹಿಡಿದುಕೊಂಡರು. ‘ಏ ತಡೀರಿ, ತೆಗೀಬ್ಯಾಡ್ರಿ. ಇದರಾಗ ಮೂವತ್ತೇಳು ಪಾತ್ರ ಬರದೀರಿ. ನನಗ ಇಪ್ಪತ್ತರ ಮ್ಯಾಲ ನೆನಪಿದ್ದಿಲ್ಲ. ಮನ್ಯಾಗ ಎಲ್ಲರಿಗೂ ಓದಿ ತೋರ್ಸೀನಿ. ಮೊಮ್ಮಗಳು ಈಗ ನನಗ ಕುರ್ಚಿ ಬಿಟ್ಟು ಕೊಡ್ತಾಳ.’

‘ಆದ್ರ ನೀವು ಬದುಕೀರಲ್ರಿ’ ಎಂದೆ.

‘ಅದು ಬ್ಯಾರೆ ಮಾತು. ಮಾತಿದ್ದ ಎಲ್ಲಾ ಸಿನಿಮಾದಾಗೂ ನನಗ ಡಾಕ್ಟರ್ ಮಾಡಿ, ಬಾಗಲ ತೆಗದು ಹೊರಗ ಬಂದು “ಅವರು ಹೋಗಿಬಿಟ್ಟರು” ಅಂತ ಹೇಳಸ್ತಿದ್ರು. ಹೀರೋನ ಅಪ್ಪ ಸತ್ತ, ವಿಲನ್ ಸತ್ತ, ಒಂದರಾಗ ಕುದುರಿ ಸುದ್ದಾ ಸತ್ತಿತು. ನನಗ ಒಂದು ಸಾಯೋ ಸೀನು ಕೊಡ್ರಿ ಅಂತ ಎಲ್ಲಾ ಡೈರೆಕ್ಟರಿಗೂ ಕೈ ಮುಗದೆ, ಒಬ್ಬನೂ ಕೊಡಲಿಲ್ಲ. ನೀವು ಹನ್ನೆರಡು ಪುಟದ್ದು ಕೊಟ್ಟೀರಿ. ಕಟ್ ಮಾಡಬ್ಯಾಡ್ರಿ.’

ಮೇಡಂ ನಕ್ಕರು, ಕಚೇರಿ ನಕ್ಕಿತು. ನನ್ನ ಗಂಟು ಮುಖ ಅಂದು ಬಿಚ್ಚಿದ್ದು ಮತ್ತೆ ಕಟ್ಟಲು ಬಂದಿಲ್ಲ. ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಪ್ರಮಾಣಪತ್ರವನ್ನು ನಾನೇ ಬರೆದೆ, ಮೇಡಂ ಸಹಿ ಹಾಕಿದರು. ಈಗ ತಾಲೂಕು ಕಚೇರಿಯ ದಾಖಲೆಯಲ್ಲಿ ಅವರು ಬದುಕಿದ್ದಾರೆ, ನನ್ನ ಸೈಟಿನಲ್ಲಿ ತೀರಿಕೊಂಡಿದ್ದಾರೆ. ‘ಎರಡೂ ಹಾಂಗೇ ಬ್ಯಾರೆ ಬ್ಯಾರೆ ಇರ್ಲಿ, ಒಂದಕ್ಕೊಂದು ಕೂಡಿಸಬ್ಯಾಡ್ರಿ’ ಎಂದು ಸ್ವತಃ ಅವರೇ ಅಪ್ಪಣೆ ಕೊಟ್ಟು ಹೋಗಿದ್ದಾರೆ.