ಪೀಠದ ಬಳಿ ಬಿಟ್ಟ ಹುಂಜ

ಕಂಕುಳಲ್ಲಿ ಹುಂಜವೊಂದನ್ನು ಅವುಚಿಕೊಂಡು ಸಿದ್ದಾಪುರದ ಇಗರ್ಜಿಗೆ ತೆನೆಹಬ್ಬದ ಪೂಜೆಗೆ ಬಂದ ವೆಲ್ಡಿಂಗ್ ಬಸ್ತ್ಯಾಂವನಿಗೆ ಅಂದಿನ ಸುವಾರ್ತೆಯೇ ಮುಳುವಾಯಿತು. ಕಾಣಿಕೆ ಒಪ್ಪಿಸಲು ಬಂದಾಗ ಸಹೋದರನೊಡನೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗಬೇಕೆಂದು ಪಾದ್ರಿಗಳು ಬೋಧಿಸಿದರು. ಇಂಥ ಮಾತಿಗೆ ಜನರೆಲ್ಲ ತಲೆದೂಗುತ್ತಾರೆ. ಹೊರಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಮರೆಯುತ್ತಾರೆ. ಬಸ್ತ್ಯಾಂವ ಮಾತ್ರ ಎದ್ದು, ಹುಂಜವನ್ನು ಪೀಠದ ಮುಂದಿನ ಕಂಬಿಗೆ ಕಟ್ಟಿ, ಹೊರಟೇಬಿಟ್ಟ.

"ಪೂಜೆ ಮುಗೀಲಿಲ್ಲ ಇನ್ನೂ! ಎಲ್ಲಿಗೆ?" ಹೆಂಡತಿ ನತಾಲಿನ್ ಅಂಗಿ ಜಗ್ಗಿದಳು.

"ಕೆರಿಯಪ್ಪನ ಹತ್ರ."

"ಅವ ನಮ್ಮ ಇಗರ್ಜಿಯವನಾ?"

"ಬೇಲಿ ಒಂದೇ ಅಲ್ವಾ?"

ನೆರೆಮನೆಯ ಕೆರಿಯಪ್ಪನಿಗೆ ಗೇಟು ಮಾಡಿಕೊಟ್ಟವನು ಬಸ್ತ್ಯಾಂವನೇ. ಎರಡು ವರ್ಷದ ಹಿಂದೆ ಕೆರಿಯಪ್ಪ ಚಾದಂಗಡಿಯಲ್ಲಿ, "ಇಂವ ಮಾಡಿದ ಗೇಟು ಆನೆನ ತಡಿತದೆ, ಕೋಳಿನ ಬಿಡ್ತದೆ" ಎಂದು ನಕ್ಕಿದ್ದ. ಅಂದೇ ಬಸ್ತ್ಯಾಂವನ ಬಾಯಿಗೆ ಬೆಸುಗೆ ಬಿತ್ತು. ಕೆರಿಯಪ್ಪ ಕೂಗಿದರೂ ತಿರುಗುತ್ತಿರಲಿಲ್ಲ. ಬರಬರುತ್ತ ಅವನು ಬೇಲಿಯಾಚೆ ನಿಂತು, ಕೈಯನ್ನು ಬಾಯಿಗೊಯ್ದು, ಹೊಟ್ಟೆ ತಟ್ಟಿ, ಯಕ್ಷಗಾನದ ಹಾಸ್ಯಗಾರನಂತೆ ಅಭಿನಯಿಸತೊಡಗಿದ. ಅಣಕಿಸುತ್ತಿದ್ದಾನೆಂದು ಇವನು ಕಾದ ಸಲಾಕೆಯಾಗುತ್ತಿದ್ದ.

ದಾರಿಯಲ್ಲಿ ಚಾದಂಗಡಿಯ ವೆಂಕಟ್ರಮಣ ಇಣುಕಿದ. "ಹಬ್ಬದ ದಿನ ಎತ್ಲಾಗೆ ಸವಾರಿ?"

"ಕೆರಿಯಪ್ಪನ ಸಂಗ್ತಿಗೆ ರಾಜಿಗೆ."

"ಜಗಳ ಯಾವಾಗ ಆಗಿತ್ತು ಮಾರಾಯ? ಇರು, ನಾನೂ ಬರ್ತೆ. ಸಾಕ್ಷಿ ಬೇಡ್ವಾ?"

ಚಾ ಕುಡಿಯುತ್ತಿದ್ದವರೂ ಲೋಟ ಇಟ್ಟು ಎದ್ದರು. ಕ್ಷಮೆ ಕೇಳಲು ಹೊರಟವನ ಹಿಂದೆ ದಿಬ್ಬಣವೇ ನೆರೆಯಿತು. ಬಸ್ತ್ಯಾಂವನಿಗೂ ಅದು ಬೇಡವೆನಿಸಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತನ್ನ ದೊಡ್ಡತನವನ್ನು ನಾಲ್ಕು ಜನ ನೋಡಲೆಂಬ ಆಸೆ ಅವನ ಎದೆಯನ್ನು ಉಬ್ಬಿಸಿತ್ತು.

ಕೆರಿಯಪ್ಪನ ಮನೆ ಜಗಲಿಯ ಮೂಲೆಯಲ್ಲಿ ಸದಾ ಎಲೆ ಅಡಿಕೆ ಕುಟ್ಟುತ್ತ ಕೂರುತ್ತಿದ್ದ ಮಂಜಿಯ ಚಾಪೆ ಸುರುಳಿ ಸುತ್ತಿ ನಿಂತಿತ್ತು. ಆಕೆ ಅವನ ತಾಯಿ. ಬಸ್ತ್ಯಾಂವ ಗೇಟಿನೊಳಗೆ ಕಾಲಿಟ್ಟದ್ದೇ ತಡ, ಕೆರಿಯಪ್ಪ ಹಿಗ್ಗಿ ಓಡಿಬಂದು ಹೊಟ್ಟೆ ತಟ್ಟಿ, ಕೈ ಬಾಯಿಗೊಯ್ದು, ಊರಿಗೇ ಕೇಳುವಂತೆ ಅರಚಿದ: "ಬಾ! ಉಂಡ್ಯಾ?"

ಬಸ್ತ್ಯಾಂವ ಕೈಮುಗಿದ. "ತಪ್ಪಾಯ್ತು ಕೆರಿಯಪ್ಪ. ಗೇಟಿನ ಮಾತು ಕೇಳಿ ಸಿಟ್ಟಾಗಿ ಮಾತು ಬಿಟ್ಟಿದ್ದೆ."

ಕೆರಿಯಪ್ಪನ ಕೈಗಳು ಗಾಳಿಯಲ್ಲೇ ನಿಂತವು. "ನಿಂಗೆ... ಕಿವಿ ಕೇಳ್ತದಾ?"

"ಕೇಳದೆ ಎಂತ?"

"ಗ್ರೈಂಡರ್ ಮಿಷನ್ ಸದ್ದಿಗೆ ಕಿವಿ ಹೋಯ್ತು ಅಂತ ಮಾಡಿದ್ದೆ! ಅದಕ್ಕೇ ಕೈಸನ್ನೆ ಮಾಡ್ತಿದ್ದೆ."

ದಿಬ್ಬಣ ಬಿದ್ದು ಬಿದ್ದು ನಕ್ಕಿತು. ವೆಂಕಟ್ರಮಣನಂತೂ ಗೇಟು ಹಿಡಿದುಕೊಂಡೇ ನಕ್ಕ. ಕೆರಿಯಪ್ಪ ನಗಲಿಲ್ಲ. ಸುತ್ತಿಟ್ಟ ಚಾಪೆಯತ್ತ ನೋಡಿದ.

"ಹಂಗಾರೆ ಹೋದ ವರ್ಷ ಅವ್ವ ಸತ್ತಾಗ ನಾವು ಅತ್ತದ್ದು ಕೇಳಿತ್ತು ನಿಂಗೆ. ನಾ ಕರೆದದ್ದೂ ಕೇಳಿತ್ತು."

ಕೇಳಿತ್ತು. ಕೇಳದಿರಲೆಂದು ಬಸ್ತ್ಯಾಂವ ಅಂದು ಗ್ರೈಂಡರ್ ಹಚ್ಚಿ, ಮಾಡುವ ಕೆಲಸವಿಲ್ಲದಿದ್ದರೂ ಕಬ್ಬಿಣ ಉಜ್ಜುತ್ತ ಕುಳಿತಿದ್ದ.

"ಪಕ್ಕದ ಮನೆಯವನೇ ಬರ್ಲಿಲ್ಲ ಅಂತ ಎಲ್ಲ ಬೈದ್ರು. ಪಾಪ, ಅವಂಗೆ ಕೇಳೂದಿಲ್ಲ ಅಂತ ನಾನೇ ಬಾಯಿ ಮುಚ್ಚಿಸಿದ್ದೆ."

ಅಷ್ಟು ಹೇಳಿ ಎಲ್ಲರನ್ನೂ ಹೊರಗೆ ಕಳಿಸಿ, ಕೆರಿಯಪ್ಪ ಗೇಟು ಹಾಕಿ ಚಿಲಕ ಜಡಿದ. ಜನ ಚದುರಿದರು.

ಅವನು ಮರಳುವಷ್ಟರಲ್ಲಿ ಇಗರ್ಜಿಯಲ್ಲಿ ಕಾಣಿಕೆಗಳ ಹರಾಜು ನಡೆದಿತ್ತು. "ರಾಜಿ ಆಯ್ತಾ?" ಎಂದು ಪಾದ್ರಿಗಳು ಕೇಳಿದರು. ಬಸ್ತ್ಯಾಂವ ಇಲ್ಲವೆಂದು ತಲೆಯಾಡಿಸಿ ಹುಂಜವನ್ನು ಬಿಚ್ಚಿಕೊಂಡ. ಈಗ ನಿಜವಾಗಿ ಮನಸ್ತಾಪವಾಗಿರುವಾಗ ಅದನ್ನು ಒಪ್ಪಿಸುವುದಾದರೂ ಹೇಗೆ?

ಮನೆಗೆ ಮರಳುವಾಗ ಕೆರಿಯಪ್ಪನ ಗೇಟಿನೆದುರು ಹುಂಜ ಕೊಸರಿ ಜಿಗಿಯಿತು. ಬಸ್ತ್ಯಾಂವನೇ ಬೆಸೆದ ಸರಳುಗಳ ನಡುವೆ ನುಸುಳಿ ನೇರ ಅಂಗಳಕ್ಕೆ ನಡೆಯಿತು.

"ಕೆರಿಯಪ್ಪಾ!"

ಜಗಲಿಯಲ್ಲಿದ್ದ ಕೆರಿಯಪ್ಪ ತಿರುಗಲಿಲ್ಲ. ಬಸ್ತ್ಯಾಂವ ಮತ್ತೆ ಕೂಗಿದ. ಆಮೇಲೆ ಗೇಟಿನಾಚೆಯೇ ನಿಂತು, ನೋಡುವವರು ಯಾರೂ ಇಲ್ಲದಿದ್ದರೂ, ಮೆಲ್ಲಗೆ ಕೈಯನ್ನು ಬಾಯಿಗೊಯ್ದು, ಹೊಟ್ಟೆ ತಟ್ಟಿ ತೋರಿಸತೊಡಗಿದ.